ಬಾಳೆಹಣ್ಣಿನಲ್ಲಿಟ್ಟ ಮಾತ್ರೆ

ಗೆಳತಿ ಶ್ಯಾಮಲಾ ನಂಬಿ ಹೇಳಿಕೊಂಡದ್ದನ್ನು ನಾನು ಒಬ್ಬ ಕಾದಂಬರಿಗಾರ್ತಿಗೆ ಹೇಳಿದೆ. ಅದು ಪುಸ್ತಕವಾಗಿ ಬಂದಾಗ ಆ ತಪ್ಪನ್ನು ಅವಳ ನಾದಿನಿ ಗಿರಿಜಾಳ ತಲೆಗೆ ಕಟ್ಟಿದೆ. ಎರಡರಲ್ಲಿ ಯಾವುದು ದೊಡ್ಡದೆಂದು ಎಷ್ಟೋ ಸಲ ತೂಗಿ ನೋಡಿದ್ದೇನೆ — ಎರಡನೆಯದೇ.

ನಾನು ಹ್ಯೂಸ್ಟನ್ನಿನಲ್ಲಿ ಡಾಕ್ಟರಾಗಿದ್ದವಳು. ಶ್ಯಾಮಲಾ ಮೈಸೂರಿನ ದಿನಗಳಿಂದಲೂ ನನ್ನ ಗೆಳತಿ. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿ ಅವಳ ಮನೆ. ಅವಳ ಗಂಡನಿಗೆ ಹೃದಯದ ಕಾಯಿಲೆ. ಮಾತ್ರೆ ನುಂಗಲಾರದ ಮನುಷ್ಯ. ಅದಕ್ಕೆ ಶ್ಯಾಮಲಾ ಮಾತ್ರೆಯನ್ನು ಕಿವುಚಿದ ಬಾಳೆಹಣ್ಣಿನಲ್ಲಿಟ್ಟು ಚಮಚದಲ್ಲಿ ತಿನ್ನಿಸುತ್ತಿದ್ದಳು. ಒಂದು ಸಂಜೆ ಮನೆಗೆ ನೆಂಟರು ಬಂದು ಹೋದರು. ಆ ಗಡಿಬಿಡಿಯಲ್ಲಿ ಅವಳು ಮತ್ತೊಮ್ಮೆ ಚಮಚ ಹಿಡಿದು ನಿಂತಳು. "ಈಗ್ತಾನೆ ಕೊಟ್ಯಲ್ಲೇ" ಎಂದರಂತೆ ಅವರು. ದಿನವೂ ಏನಾದರೊಂದು ನೆಪ ಹೇಳುವವರು. ಇದೂ ನೆಪವೇ ಎಂದುಕೊಂಡು ಅವಳು ಗದರಿಸಿ ತಿನ್ನಿಸಿದಳು. ಬೆಳಗಿನ ಹೊತ್ತಿಗೆ ಅವರು ಇರಲಿಲ್ಲ.

ಆ ಹೃದಯ ಹೇಗೂ ಸೋತಿತ್ತು. ಮಾತ್ರೆಯಿಂದಲೇ ಹೋದರೆಂದು ಯಾರೂ ಹೇಳಲಾರರು — ನಾನು ಅವಳಿಗೆ ಹಾಗೆಯೇ ಹೇಳಿದೆ, ಅದು ನಿಜವೂ ಹೌದು. ಈ ಸಂಗತಿ ಗೊತ್ತಿದ್ದದ್ದು ಇಬ್ಬರಿಗೆ: ನನಗೆ, ಮತ್ತು ಗಿರಿಜಾಗೆ. ಗಿರಿಜಾ ತೀರಿಕೊಂಡವರ ತಂಗಿ. ಡಲ್ಲಾಸಿನ ಒಂದು ಲೈಬ್ರರಿಯಲ್ಲಿ ಕೆಲಸ. ಅಣ್ಣನನ್ನು ಕಳೆದುಕೊಂಡವಳು ಅತ್ತಿಗೆಯ ಮೇಲೆ ಸಿಟ್ಟಾಗಬಹುದಿತ್ತು. ಆಗಲಿಲ್ಲ. ಕೆಲಸಕ್ಕೆ ರಜೆ ಹಾಕಿ ಬಂದು, ಶ್ಯಾಮಲಾ ಅನ್ನ ಮುಟ್ಟುವವರೆಗೂ ಅವಳ ಜೊತೆಯಲ್ಲೇ ಇದ್ದಳು.

ಅದಾದ ಒಂದೆರಡು ವರ್ಷಕ್ಕೆ ನನಗೆ ಮಿಸೆಸ್ ಕಾಲ್ಡರ್ ಪರಿಚಯವಾದರು. ಪತ್ತೇದಾರಿ ಕಾದಂಬರಿ ಬರೆಯುವವರು. ಇಂಗ್ಲೆಂಡಿನವರು, ವಯಸ್ಸಾದ ಮೇಲೆ ಹ್ಯೂಸ್ಟನ್ನಿನ ಸೈಪ್ರೆಸ್‌ನಲ್ಲಿ, ಮಗಳ ಮನೆಯಲ್ಲಿ ಬಂದು ನೆಲೆಸಿದ್ದರು. ಹೊರಗೆ ಬೆಂಕಿಯಂಥ ಬಿಸಿಲು. ಇವರು ಪರದೆ ಎಳೆದುಕೊಂಡು, ಏಸಿ ಹಾಕಿಕೊಂಡು, ಮಂಜು ಮುಸುಕಿದ ಇಂಗ್ಲಿಷ್ ಹಳ್ಳಿಯೊಂದರಲ್ಲಿ ಕೊಲೆ ಮಾಡಿಸುತ್ತಿದ್ದರು. ಚಿಕ್ಕ ವಯಸ್ಸಿನಲ್ಲಿ ಕೋರ್ಟಿನ ಟೈಪಿಸ್ಟ್ ಆಗಿದ್ದವರಂತೆ. "ಸತ್ತವರು ಹೇಗೆ ಸತ್ತರು ಅನ್ನೋದು ನನಗೆ ಮುಖ್ಯ ಅಲ್ಲ. ಆಮೇಲೆ ಉಳಿದವರು ಏನು ಮಾಡ್ತಾರೆ, ಅದು ಬೇಕು" ಎನ್ನುತ್ತಿದ್ದರು. ವಿಷ, ಔಷಧಿಗಳ ಬಗ್ಗೆ ಅವರಿಗೆ ಅನುಮಾನ ಬಂದಾಗಲೆಲ್ಲ ನನಗೆ ಕರೆ ಬರುತ್ತಿತ್ತು. ನನಗೆ ಹಿಗ್ಗು — ಸುಳ್ಳೇಕೆ ಹೇಳಲಿ. ಆಸ್ಪತ್ರೆಯಲ್ಲಿ ಇಷ್ಟು ಗಮನವಿಟ್ಟು ನನ್ನ ಮಾತು ಕೇಳುವವರು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಅವರು ಬೇಸರದಲ್ಲಿದ್ದರು, ಬರೆಯುತ್ತಿದ್ದ ಕಥೆ ಮುಂದೆ ಸಾಗುತ್ತಿರಲಿಲ್ಲ. ಆಗ ನಾನು ಹೇಳಿಬಿಟ್ಟೆ. ಬಾಳೆಹಣ್ಣು, ಚಮಚ, ಶ್ಯಾಮಲಾಳ ಗಂಡನ ಆ ಕಡೆಯ ಮಾತು — ಎಲ್ಲ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಚೆಂದ ಕೇಳುತ್ತಿತ್ತು. ಮಿಸೆಸ್ ಕಾಲ್ಡರ್ ಕೇಳಿದರು, "ಇದನ್ನ ಓದಿ ನೋವು ಪಡೋರು ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ" ಎಂದೆ. "ಯಾವುದೋ ಹಳೇ ಕೇಸು."

ಅವರು ಕೇಳಿದ್ದರು. ಆದ್ದರಿಂದ ತಪ್ಪನ್ನು ಅವರ ಮೇಲೆ ಹಾಕಲು ನನಗೆ ದಾರಿಯಿಲ್ಲ.

ಪುಸ್ತಕದಲ್ಲಿ ನನ್ನ ಹೆಸರು ಬೇಡವೆಂದಿದ್ದೆ, ಹಾಕಲಿಲ್ಲ. ಅದರಲ್ಲಿ ಹೆಂಡತಿ ಬೇಕೆಂದೇ ಎರಡನೇ ಸಲ ತಿನ್ನಿಸುತ್ತಾಳೆ. ಶ್ಯಾಮಲಾಳ ಮಗಳು ಅನಘಾ ಆಗ ಆಸ್ಟಿನ್ನಿನಲ್ಲಿ ಕಾಲೇಜು ಓದುತ್ತಿದ್ದಳು. ಅಪ್ಪನ ಆ ಮಾತನ್ನು ಅವಳು ಅಂದು ಪಕ್ಕದ ಕೋಣೆಯಿಂದ ಕೇಳಿಸಿಕೊಂಡಿದ್ದಳೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ತಮಾಷೆಯೆಂದುಕೊಂಡು ಮರೆತಿದ್ದಳು. ಆ ಪುಸ್ತಕ ಕೈಗೆ ಬಂದು ಓದಿದಾಗ ಅದೇ ಮಾತು ಸಿಕ್ಕಿತು. ಮನೆಗೆ ಬಂದು ತಾಯಿಯನ್ನು ಕೇಳಿದಳು — "ಅಮ್ಮಾ, ವಾಸ್ ಇಟ್ ಎ ಮಿಸ್ಟೇಕ್?"

ಹೆತ್ತ ಮಗಳು ಹಾಗೆ ಕೇಳಿದ್ದು...

ಶ್ಯಾಮಲಾ ಫೋನ್ ಮಾಡಿದಳು. "ನೀನು ಯಾರಿಗಾದ್ರೂ ಹೇಳಿದ್ಯಾ, ವಿಮಲಾ?"

"ಇಲ್ಲ."

"ಹಂಗಾದ್ರೆ ಗಿರಿಜಾನಾ? ಅವಳಿಗೆ ಲೈಬ್ರರೀಲಿ ಈ ಬರೆಯೋರೆಲ್ಲ ಪರಿಚಯ."

ಆಗ ಒಂದು ಕ್ಷಣವಿತ್ತು. ಸುಮ್ಮನಿದ್ದಿದ್ದರೂ ಆಗುತ್ತಿತ್ತು. "ಇರಬಹುದು" ಎಂದೆ.

ಆ ಒಂದು ಮಾತಿಗೆ ಎರಡು ಮನೆ ಬೇರೆಯಾದವು. ಗಿರಿಜಾ ಎಷ್ಟು ಆಣೆಯಿಟ್ಟರೂ ಶ್ಯಾಮಲಾ ಕೇಳಲಿಲ್ಲ. ಅನಘಾ ತಾಯಿಯ ಮಾತು ನಂಬಿದಳು. ಆದರೆ ಅತ್ತೆಯನ್ನು ಕಳೆದುಕೊಂಡಳು. ಅವಳ ಮದುವೆಯಲ್ಲಿ ಸೋದರತ್ತೆ ನಿಲ್ಲಬೇಕಾದ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ನಿಂತೆ. ಆರತಿಯನ್ನೂ ಎತ್ತಿದೆ.

ಈ ವರ್ಷ ಮಿಸೆಸ್ ಕಾಲ್ಡರ್ ತೀರಿಕೊಂಡರು. ಇನ್ನು ನಾನು ಬಾಯಿ ಬಿಡದಿದ್ದರೆ ಇದು ಯಾರಿಗೂ ತಿಳಿಯುವಂತಿರಲಿಲ್ಲ. ಅದು ಹೊಳೆದಾಗ ಮೊದಲು ಬಂದದ್ದು ನೆಮ್ಮದಿ — ಆ ನೆಮ್ಮದಿ ಕಂಡು ನನಗೇ ಹೇಸಿಗೆಯಾಯಿತು. ಹೋದ ಶನಿವಾರ ಸೀಡರ್ ಪಾರ್ಕಿಗೆ ಹೋಗಿ, ಶ್ಯಾಮಲಾ, ಅನಘಾ ಇಬ್ಬರೆದುರಿಗೂ ಹೇಳಿದೆ. ಶ್ಯಾಮಲಾ ಕೂಗಾಡಲಿಲ್ಲ. "ಅಣ್ಣನ ತಿಥಿಗೂ ಬರಬೇಡ ಅಂದೆ ಗಿರಿಜಾಗೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಅನಘಾ ಕಾರಿನವರೆಗೂ ಬಂದು, "ಯು ಟೆಲ್ ಹರ್ ಯುವರ್‌ಸೆಲ್ಫ್, ಆಂಟಿ" ಎಂದಳು.

ಮನೆಯ ಕಡೆ ತಿರುಗದೆ ಸೀದಾ ಡಲ್ಲಾಸಿಗೆ ಡ್ರೈವ್ ಮಾಡಿದೆ. ಗಿರಿಜಾ ಬಾಗಿಲು ತೆರೆದು, ಕೂರಿಸಿ, ನೀರು ಕೊಟ್ಟಳು. ಪೂರ್ತಿ ಕೇಳಿದಳು. ಬೈಯುತ್ತಾಳೆಂದುಕೊಂಡೆ, ಬೈದರೆ ತಡೆದುಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ. ಅವಳು ಅಂಗೈ ನೋಡಿಕೊಳ್ಳುತ್ತ ಮೆಲ್ಲಗೆ ಹೇಳಿದಳು:

"ಇಷ್ಟು ವರ್ಷ ನಾನೇ ಎಲ್ಲೋ ಬಾಯಿತಪ್ಪಿ ಅಂದುಬಿಟ್ಟೆನೇನೋ ಅಂದ್ಕೊಂಡಿದ್ದೆ, ವಿಮಲಾ. ಯಾರ ಹತ್ರ ಅಂದೆ, ಯಾವಾಗ ಅಂದೆ ಅಂತ ನೆನಪು ಮಾಡ್ಕೋತಾನೇ ಇದ್ದೆ."

ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಕೇಳಿದ್ದರೆ ಕ್ಷಮಿಸುವ ಭಾರವನ್ನೂ ಅವಳೇ ಹೊರಬೇಕಾಗುತ್ತಿತ್ತು.