ಓನರ್ ಆಂಟಿಯ ಹಲ್ಲಿ

ಹೋದ ವಾರ ಜೆ.ಪಿ. ನಗರದವರೊಬ್ಬರು ಹಳೇ ಸಿಪಿಯು ಒಂದನ್ನು ಬನಶಂಕರಿಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ತಂದು ಟೇಬಲ್ ಮೇಲೆ ಇಟ್ಟರು. "ನಮ್ಮ ತಾಯಿ ಬಳಸ್ತಿದ್ದಿದ್ದು ಸಾರ್. ಅದರಲ್ಲಿ ಏನೂ ಇಲ್ಲ, ಗುಜರಿ ರೇಟಿಗೆ ತಗೊಳ್ಳಿ" ಅಂದರು. ಏನೂ ಇಲ್ಲ ಅಂತ ತಂದವರೇ ಬಾಯಿಬಿಟ್ಟು ಹೇಳಿದರೆ ಬೆಲೆ ಅಲ್ಲೇ ಅರ್ಧಕ್ಕೆ ಇಳೀತು ಅಂತ ಲೆಕ್ಕ. ಮಾರೋಕೆ ಹೋಗುವವರು ಯಾವತ್ತೂ ಈ ಮಾತನ್ನು ಮೊದಲು ಆಡಬಾರದು. ಅವರು ಹೋದ ಮೇಲೆ ಸ್ಕ್ರೂ ಬಿಚ್ಚಿ ಪಕ್ಕದ ತಗಡು ಎಳೆದೆ. ಹಳೇ ಧೂಳಿನ ವಾಸನೆ ಬಂತು, ಅದರೊಳಗೆ ಸಣ್ಣಗೆ ವಿಭೂತಿಯ ವಾಸನೆ. ಹಾರ್ಡ್ ಡಿಸ್ಕಿನ ಹಿಂದೆ, ಬೆಚ್ಚಗಿರುವ ಮೂಲೆಯಲ್ಲಿ, ಬಟಾಣಿ ಕಾಳಿನಷ್ಟು ದಪ್ಪದ ಬಿಳೀ ಚಿಪ್ಪುಗಳು ಅಂಟಿಕೊಂಡಿದ್ದವು. ಒಡೆದು ಖಾಲಿಯಾಗಿದ್ದವು. ಹಲ್ಲಿಯ ಮೊಟ್ಟೆ.

ಸ್ಕ್ರೂಡ್ರೈವರ್ ಕೈಯಲ್ಲೇ ಉಳೀತು. ನನಗೆ ಓನರ್ ಆಂಟಿ ನೆನಪಾದರು...

ನಾನು ಮೊದಲು ಅಂಗಡಿ ಇಟ್ಟಿದ್ದು ತ್ಯಾಗರಾಜನಗರದಲ್ಲಿ, ಆಂಟಿಯ ಮನೆಯ ಕಾರ್ ಶೆಡ್ಡಿನಲ್ಲಿ. ಕಾರು ಅಂಕಲ್ ಕಾಲಕ್ಕೇ ಮಾರಿಹೋಗಿತ್ತು. ಅಂಕಲ್ ತೀರಿಕೊಂಡೂ ಬಹಳ ಕಾಲವಾಗಿತ್ತು. ಮಹಡಿಯ ಮೇಲೆ ಆಂಟಿ, ಆಂಟಿಯ ಅತ್ತೆ, ಇಬ್ಬರೇ. ಬಾಡಿಗೆ ಮಾತಾಡುವಾಗ ನಾನು ಒಂದು ಪಟ್ಟು ಹಾಕಿದೆ. "ಆಂಟಿ, ಬಾಡಿಗೆ ಸ್ವಲ್ಪ ಇಳಿಸಿ, ನಿಮ್ಮ ಕಂಪ್ಯೂಟರ್ ರಿಪೇರಿ ನಾನಿರೋವರೆಗೂ ಫ್ರೀ." ಆಂಟಿ ಕಾಫಿ ಲೋಟ ಕೆಳಗಿಡದೆ ನನ್ನನ್ನೇ ನೋಡಿದರು. "ಕಂಪ್ಯೂಟರ್ ಯಾವಾಗ್ಲೋ ಕೆಡುತ್ತೆ ಕಣಪ್ಪ. ಮಿಕ್ಸಿ, ಯುಪಿಎಸ್ಸು, ಟೀವಿ ರಿಮೋಟೂ ಸೇರಿಸ್ಕೋ, ಇಳಿಸ್ತೀನಿ." ಅವತ್ತೇ ಗೊತ್ತಾಯಿತು, ಈಯಮ್ಮ ನನಗಿಂತ ಒಂದು ಮೆಟ್ಟಿಲು ಮೇಲೆ ಅಂತ. ಚೌಕಾಸಿಯಲ್ಲಿ ಸೋತರೂ ಖುಷಿಯಾಗುವುದು ಇಂಥವರ ಹತ್ತಿರ ಮಾತ್ರ.

ಅವರ ಅತ್ತೆ, ನಾನು ಅಜ್ಜಿ ಅನ್ನುತ್ತಿದ್ದೆ, ಚಾಮರಾಜನಗರದ ಕಡೆಯವರು. ಓದು ಬರಹ ಇಲ್ಲ. ಆದರೆ ಬಾಯಿ ತೆರೆದರೆ ಪದ. ಬೀಸುವ ಪದ, ನಾಟಿ ಪದ, ಮದುವೆ ಮನೆಯಲ್ಲಿ ಬೀಗರನ್ನು ಛೇಡಿಸುವ ಪದ. ಒಂದು ಶುರುವಾದರೆ ಕುಕ್ಕರು ಕೂಗಿ ಅನ್ನ ಇಳಿಸುವವರೆಗೂ ಮುಗಿಯುತ್ತಿರಲಿಲ್ಲ. ಆಂಟಿ ಮೊದಮೊದಲು ಬರೆದುಕೊಳ್ಳೋಕೆ ನೋಡಿದರಂತೆ. ಬರೆದುಕೊಳ್ಳೋಕೆ ಅಂತ ನಡುವೆ ನಿಲ್ಲಿಸಿದರೆ ಅಜ್ಜಿಗೆ ಮುಂದಿನ ಸಾಲು ಮರೆತುಹೋಗೋದು, ಪದ ಓಡಿದರೇನೇ ನೆನಪೂ ಓಡೋದು. ಅದಕ್ಕೆ ಒಂದು ಮೈಕ್ ತರಿಸಿ, ಕಂಪ್ಯೂಟರಿಗೆ ಚುಚ್ಚಿ, ಮಧ್ಯಾಹ್ನದ ಹೊತ್ತು ಅಜ್ಜಿಯನ್ನು ಮುಂದೆ ಕೂರಿಸಿಕೊಂಡು ಹಾಡಿಸುತ್ತಿದ್ದರು. ಕೆಳಗೆ ನಾನು ಕೀಬೋರ್ಡ್ ಒರೆಸುತ್ತಾ ಕೇಳುತ್ತಿದ್ದೆ. ಆ ಪದಗಳು ಬೇರೆ ಯಾರಿಗೂ ಬರುತ್ತಿರಲಿಲ್ಲ. ಅಜ್ಜಿಯ ಜೊತೆ ಹಾಡುತ್ತಿದ್ದ ಹೆಂಗಸರೆಲ್ಲ ಹೋಗಿಬಿಟ್ಟಿದ್ದರು.

ಆಮೇಲೆ ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ ಉಳಿಯಿತು, ಮಾತು ಹೋಯಿತು.

ನಾನು ಅದಕ್ಕೆ ಮುಂಚೆಯೂ ಹೇಳಿದ್ದೆ, ಆಮೇಲೂ ಹೇಳಿದೆ. ಆಂಟಿ, ಎಲ್ಲಾ ಒಂದೇ ಡಿಸ್ಕಿನಲ್ಲಿ ಇಟ್ಟಿದ್ದೀರಿ, ಇನ್ನೊಂದು ಕಾಪಿ ಮಾಡಿಸಿ, ಬೇರೆ ಕಡೆ ಇಡಿ. ಪ್ರತಿ ಸಲವೂ ಅದೇ ಉತ್ತರ: "ಮನೇಲೇ ಇದೆಯಲ್ಲಪ್ಪ, ಎಲ್ಲಿಗೆ ಹೋಗುತ್ತೆ?" ಮನೆಯೊಳಗೆ ಇರೋದು ಎಲ್ಲೂ ಹೋಗಲ್ಲ ಅನ್ನುವ ನಂಬಿಕೆ ನಮ್ಮ ಜನಕ್ಕೆ ಬಹಳ.

ಅವತ್ತು ಯುಪಿಎಸ್ ಬ್ಯಾಟರಿ ನೋಡೋಕೆ ಅಂತ ಮೇಲೆ ಹೋಗಿದ್ದೆ. ಹಾಲಿನಲ್ಲಿ ಕಿಟಕಿ ಪಕ್ಕ ಅಜ್ಜಿಯ ಮರದ ಮಂಚ, ಅದರ ಎದುರಿಗೆ ಕಂಪ್ಯೂಟರ್ ಟೇಬಲ್ಲು. ಸಿಪಿಯು ಮೇಜಿನ ಮೇಲೇ ಇತ್ತು, ನೆತ್ತಿಗೆ ಆಯುಧಪೂಜೆಯ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಮೆಷಿನ್ ಆನ್ ಆಗಿತ್ತು. ಆಂಟಿ ಅಜ್ಜಿಗೆ ಗಂಜಿ ಕುಡಿಸಿ ಬಂದು ಕುರ್ಚಿಯಲ್ಲಿ ಕೂತು, ನನಗೋ ತಮಗೋ ಹೇಳಿಕೊಳ್ಳುವ ಹಾಗೆ ಅಂದರು: "ಡಾಕ್ಟ್ರು ಏನಾದ್ರೂ ಅನ್ಲಿ. ಅತ್ತೆ ಮತ್ತೆ ಹಾಡ್ತಾರೆ."

ಲೊಚ್. ಲೊಚ್.

ಆಂಟಿಯ ಮುಖ ಅರಳಿತು. ಬೆರಳ ಗೆಣ್ಣಿನಿಂದ ಪಕ್ಕದಲ್ಲಿದ್ದ ಸಿಪಿಯು ಮೇಲೆ ಟಕ್ ಟಕ್ ಟಕ್ ಅಂತ ಬಡಿದು "ಶಿವ ಶಿವ" ಅಂದರು. "ಕೇಳಿಸ್ತಾ? ಹಲ್ಲಿ ನುಡೀತು. ನಾನು ಈ ಮಾತು ಅಂದಾಗೆಲ್ಲ ನುಡಿಯುತ್ತೆ."

ಇದು ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಮಾತಾಡುತ್ತಿರುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜ. ನೆಲವನ್ನೋ ಗೋಡೆಯನ್ನೋ ಬಡಿದು ದೇವರ ಹೆಸರು ಹೇಳಿ ಒಪ್ಪಿಸಿಕೊಳ್ಳಬೇಕು. ನಮ್ಮಮ್ಮನೂ ಹಾಗೇ. ನಾನೂ ನಗುತ್ತಾ ತಲೆಯೆತ್ತಿ ನೋಡಿದೆ. ಹೊಸದಾಗಿ ಸುಣ್ಣ ಹೊಡೆಸಿದ ಗೋಡೆ. ಟ್ಯೂಬ್‌ಲೈಟಿನ ಹಿಂದೆ ಇಲ್ಲ, ಫೋಟೋಗಳ ಹಿಂದೆ ಇಲ್ಲ, ಕಿಟಕಿಯ ಚೌಕಟ್ಟಿನಲ್ಲೂ ಇಲ್ಲ.

ಲೊಚ್. ಲೊಚ್.

ಹಲ್ಲಿ ತಾಳ ಹಿಡಿದು ಲೊಚಗುಟ್ಟುವುದಿಲ್ಲ. ಮನಸ್ಸು ಬಂದಾಗ ಕೂಗುತ್ತೆ, ಇಲ್ಲದಿದ್ದರೆ ಇಲ್ಲ. ಇದು ಒಂದೇ ಅಳತೆಯಲ್ಲಿ ಬರುತ್ತಿತ್ತು. ನಿಲ್ಲುವುದು, ಹುಡುಕಿದ ಹಾಗೆ ಕಿರ್ರ್ ಅನ್ನುವುದು, ಮತ್ತೆ ಅದೇ. ಬಗ್ಗಿ ಕಿವಿಗೊಟ್ಟೆ. ಸದ್ದು ಗೋಡೆಯಿಂದ ಬರುತ್ತಿರಲಿಲ್ಲ. ವಿಭೂತಿ ಪಟ್ಟೆಯ ಕೆಳಗಿಂದ, ಆಂಟಿ ಈಗ ತಾನೇ ಬಡಿದ ತಗಡಿನ ಒಳಗಿಂದ ಬರುತ್ತಿತ್ತು.

"ಆಂಟಿ, ಅದು ಹಲ್ಲಿ ಅಲ್ಲ" ಅಂದೆ. "ಹಾರ್ಡ್ ಡಿಸ್ಕು."

ವಿವರಿಸಿ ಹೇಳಿದೆ. ಒಳಗೆ ತಟ್ಟೆ ತಿರುಗುತ್ತಿರುತ್ತೆ, ಅದರ ಮೇಲೆ ಕೂದಲೆಳೆಯಷ್ಟೂ ಜಾಗ ಬಿಡದೆ ಒಂದು ಮುಳ್ಳು ತೇಲುತ್ತಾ ಓದುತ್ತಿರುತ್ತೆ. ಓದಬೇಕಾದ ಜಾಗ ಸಿಗದೇ ಹೋದರೆ ಹಿಂದಕ್ಕೆ ಹೋಗಿ ಬಡಿದುಕೊಂಡು ಮತ್ತೆ ಬರುತ್ತೆ. ಅದೇ ಈ ಸದ್ದು. ಇನ್ನು ಜಾಸ್ತಿ ದಿನ ಇಲ್ಲ ಅಂತ ಅರ್ಥ. "ಯಾವಾಗಿಂದ ಕೇಳಿಸ್ತಿದೆ ಆಂಟಿ?"

"ಅತ್ತೆ ಮಲಗಿದಾಗಿಂದ" ಅಂದರು. ಆಮೇಲೆ ಮುಖ ಗಂಟಾಯಿತು. "ಲೋ, ನಿನ್ನ ವ್ಯಾಪಾರಕ್ಕೆ ನಮ್ಮನೆ ಹಲ್ಲೀನೂ ಬಿಡಲ್ವಾ? ಹೊಸ ಡಿಸ್ಕ್ ಮಾರ್ಬೇಕು ಅಂದ್ರೆ ನೇರ ಹೇಳು."

ಆ ಮಾತಿಗೆ ನಾನು ನಗಲಿಲ್ಲ. ಆಫ್ ಮಾಡಬೇಡಿ, ಮುಟ್ಟಬೇಡಿ, ದಯವಿಟ್ಟು ಬಡಿಯಬೇಡಿ, ಕೆಳಗಿಂದ ಖಾಲಿ ಡಿಸ್ಕ್ ತರ್ತೀನಿ, ಉಸಿರಿರುವಾಗಲೇ ಎಷ್ಟು ಬರುತ್ತೋ ಅಷ್ಟು ಎಳೆದುಬಿಡೋಣ ಅಂತ ಹೇಳಿ ಮೆಟ್ಟಿಲಿಳಿದೆ. ಬಡಿದದ್ದರಿಂದಲೇ ಕೆಟ್ಟಿತು ಅಂತ ನಾನು ಹೇಳಲ್ಲ, ಅದು ಮೊದಲೇ ಕೆಟ್ಟಿತ್ತು. ಆದರೆ ಓಡುತ್ತಿರುವ ಡಿಸ್ಕಿಗೆ ಗೆಣ್ಣಿನ ಏಟು ಏಟೇ. ಅದು ಸಾಯುವ ಸದ್ದು ಮಾಡಿದಾಗೆಲ್ಲ ಆಂಟಿ ಅದರ ಮೇಲೆ ಬಡಿದು ಶಿವನ ಹೆಸರು ಹೇಳಿದ್ದರು.

ಡಿಸ್ಕ್ ಹಿಡಿದುಕೊಂಡು ವಾಪಸ್ ಬರುವಾಗ ಮೆಟ್ಟಿಲ ಮೇಲೇ ಗೊತ್ತಾಯಿತು, ಏನೋ ಸರಿಯಿಲ್ಲ ಅಂತ. ಸದ್ದಿರಲಿಲ್ಲ. ಸಿಪಿಯು ಫ್ಯಾನಿನ ಗುಂಯ್ ಕೂಡ ಇರಲಿಲ್ಲ. ಒಳಗೆ ಆಂಟಿ ಮೆಷಿನ್ ಆಫ್ ಮಾಡಿ, ಮೇಲಿನ ಫ್ಯಾನೂ ನಿಲ್ಲಿಸಿ, ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಬೆರಳೆತ್ತಿದರು.

"ಸುಮ್ನಿರು. ಕೇಳ್ತಾ ಇದೀನಿ."

ಹಲ್ಲಿಯೋ ಡಿಸ್ಕೋ ಅಂತ ಪರೀಕ್ಷೆ ಮಾಡುತ್ತಿದ್ದರು. ಮೆಷಿನ್ ನಿಂತ ಮೇಲೂ ಲೊಚಗುಟ್ಟಿದರೆ ಹಲ್ಲಿ. ಮೆಲ್ಲಗೆ, ಬಿಡಿಬಿಡಿಯಾಗಿ ಅಂದರು: "ಅತ್ತೆ... ಮತ್ತೆ... ಹಾಡ್ತಾರೆ." ಕಾದರು. ನಾನೂ ಬಾಗಿಲಲ್ಲಿ ನಿಂತು ಕಾದೆ. ಹಲ್ಲಿ ಇರಲಿ ಅಂತ ಅವತ್ತು ನಾನು ಬೇಡಿಕೊಂಡಷ್ಟು ಯಾರೂ ಬೇಡಿಕೊಂಡಿರಲಿಕ್ಕಿಲ್ಲ. ಮಂಚದ ಮೇಲಿಂದ ಅಜ್ಜಿ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಎಲ್ಲಿಂದಲೂ ಏನೂ ಬರಲಿಲ್ಲ.

ಮತ್ತೆ ಆನ್ ಮಾಡಿದಾಗ ಕಪ್ಪು ಪರದೆ, ಮೇಲೆ ಒಂದು ಸಾಲು ಬಿಳೀ ಅಕ್ಷರ. ಶುರುಮಾಡೋಕೆ ಡಿಸ್ಕ್ ಸಿಗುತ್ತಿಲ್ಲ ಅಂತ.

ಇದನ್ನು ಓದುವವರಿಗೆ ಇಲ್ಲೇ ಹೇಳಿಬಿಡುತ್ತೇನೆ, ನಾಳೆ ಉಪಯೋಗಕ್ಕೆ ಬರುತ್ತೆ. ಆ ಸಾಲು ಕಂಡ ಕೂಡಲೇ ಗಾಬರಿಯಾಗಬೇಡಿ. ಮೊದಲು ಚುಚ್ಚಿರುವ ಪೆನ್‌ಡ್ರೈವ್ ಏನಾದರೂ ಇದ್ದರೆ ಕಿತ್ತು ನೋಡಿ. ಎಷ್ಟೋ ಸಲ ಮೆಷಿನ್ ಅದರಿಂದ ಶುರುಮಾಡೋಕೆ ಹೋಗಿ ನಿಂತಿರುತ್ತೆ, ಅಷ್ಟಕ್ಕೇ ಕೆಲವರು ದುಡ್ಡು ಕೀಳುತ್ತಾರೆ. ಆಮೇಲೆ ಡಿಸ್ಕಿನ ಕೇಬಲ್ ಬಿಚ್ಚಿ ಹಾಕಿ, ಬದಲಾಯಿಸಿ, ಬೇರೆ ಜಾಗಕ್ಕೆ ಚುಚ್ಚಿ. ಮೆಷಿನ್ನಿನ ಸೆಟ್ಟಿಂಗಿನಲ್ಲಿ ಡಿಸ್ಕಿನ ಹೆಸರು ಕಾಣುತ್ತಾ ನೋಡಿ. ಆದರೆ ಲೊಚಗುಟ್ಟುವ ಸದ್ದಿದ್ದರೆ ಇದ್ಯಾವುದೂ ಬೇಡ. ಪದೇ ಪದೇ ಆನ್ ಮಾಡಬೇಡಿ, ರಿಪೇರಿ ಸಾಫ್ಟ್‌ವೇರ್ ಓಡಿಸಬೇಡಿ, ಯಾರೋ ಹೇಳಿದರು ಅಂತ ಫ್ರಿಜ್ಜಿನಲ್ಲಿಡಬೇಡಿ, ಬಿಚ್ಚಲೇಬೇಡಿ. ಒಂದೊಂದು ಸಲ ತಿರುಗಿದಾಗಲೂ ಮುಳ್ಳು ತಟ್ಟೆಯನ್ನು ಕೆರೆಯುತ್ತೆ. ಕೆರೆದ ಜಾಗದಲ್ಲಿ ಏನಿತ್ತೋ ಅದು ಆಮೇಲೆ ಪುಡಿ, ಅಷ್ಟೇ.

ಆಂಟಿಯ ಡಿಸ್ಕ್ ಹೆಸರು ಕರೆದಾಗ ಒಂದು ಸಲ ಹಾಜರಿ ಹೇಳಿತು, ಆಮೇಲೆ ಇಲ್ಲ. ನನ್ನ ಮೆಷಿನ್ನಿಗೆ ಎರಡನೇ ಡಿಸ್ಕ್ ಮಾಡಿ ಹಾಕಿದೆ, ತೆರೆಯಲಿಲ್ಲ. ಕೆಟ್ಟ ಡಿಸ್ಕಿನಿಂದ ಫೈಲು ತೆಗೆಯುವ ಲ್ಯಾಬಿನವರಿಗೆ ಕೊಡಬೇಕು, ಕೇಳಿದಷ್ಟು ಕೊಡಬೇಕಾಗುತ್ತೆ ಅಂದಾಗ ಆಂಟಿ ನನ್ನ ಕೈ ಹಿಡಿದುಕೊಂಡರು. "ಚೌಕಾಸಿ ಮಾಡ್ಬೇಡ ಕಣೋ" ಅಂದರು. ಸೊಪ್ಪಿನವಳ ಹತ್ತಿರ ಕೊತ್ತಂಬರಿ ಕಡ್ಡಿಗೂ ಜಗಳವಾಡುತ್ತಿದ್ದ ಆಂಟಿ ಅಂದ ಮಾತು ಅದು. ನಾನೂ ಮಾಡಲಿಲ್ಲ. ಜೀವನದಲ್ಲಿ ಮೊದಲ ಸಲ ಒಬ್ಬರು ಹೇಳಿದ ರೇಟಿಗೆ ತಲೆಯಾಡಿಸಿ ಬಂದೆ.

ಲ್ಯಾಬಿನಿಂದ ಬಂದದ್ದು ಬಹಳ ಕಡಿಮೆ. ಹೆಚ್ಚಿನ ಫೈಲುಗಳು ಖಾಲಿ. ಕೆಲವಕ್ಕೆ ತಲೆ ಮಾತ್ರ ಉಳಿದಿತ್ತು, ಮೈ ಇರಲಿಲ್ಲ. ನಾನು ಮೊದಲೇ ಕೇಳಿ ನೋಡಬಹುದಿತ್ತು. ಧೈರ್ಯ ಬರಲಿಲ್ಲ. ನನ್ನ ಲ್ಯಾಪ್‌ಟಾಪೂ ಸ್ಪೀಕರೂ ತಗೊಂಡು ಮೇಲೆ ಹೋಗಿ ಆಂಟಿಯ ಎದುರಿಗೇ ಹಾಕಿದೆ.

ಕುರ್ಚಿ ಎಳೆದ ಸದ್ದು. ಆಮೇಲೆ ಅಜ್ಜಿಯ ಗಂಟಲು, ಗಟ್ಟಿಯಾಗಿ, ಪಕ್ಕದಲ್ಲೇ ಕೂತ ಹಾಗೆ: "ಆನ್ ಆಯ್ತಾ ಮೊಗಾ? ಪದ ಯೋಳ್ಲಾ?"

ಅಷ್ಟೇ. ಮುಂದೆ ಕಿರ್ರ್.

ಎರಡನೆಯದು ಹಾಕಿದೆ. "ಆಯ್ತಾ? ಯೋಳ್ಲಾ?" ಕಿರ್ರ್. ಮೂರನೆಯದೂ ಹಾಗೇ... ಪ್ರತಿ ಪದಕ್ಕೂ ಮುಂಚೆ ಅಜ್ಜಿ ಕೇಳುತ್ತಿದ್ದ ಆ ಪ್ರಶ್ನೆ ಮಾತ್ರ ಉಳಿದಿತ್ತು. ಒಂದು ಪದವೂ ಇರಲಿಲ್ಲ.

ಆಂಟಿ ಸ್ಪೀಕರಿನ ಹತ್ತಿರ ಬಗ್ಗಿ, "ಹೂಂ ಅತ್ತೆ, ಹೇಳಿ" ಅಂದರು. ನಾನು ನಿಲ್ಲಿಸೋಣ ಅಂತ ಕೈ ಚಾಚಿದೆ. ಬೇಡ ಅಂತ ತಳ್ಳಿದರು. ಫೈಲುಗಳು ಮತ್ತೆ ಮೊದಲಿಂದ ಓಡಿದವು. "ಆನ್ ಆಯ್ತಾ ಮೊಗಾ? ಪದ ಯೋಳ್ಲಾ?" ಆಂಟಿ ಈ ಸಲ ಸ್ವಲ್ಪ ಜೋರಾಗಿಯೇ ಅಂದರು: "ಇನ್ನು ಯಾವತ್ತೂ ಹೇಳಲ್ಲ ಬಿಡಿ ಅತ್ತೆ ನೀವು. ಹೋಯ್ತು."

ಹಿಂದಿನಿಂದ ಸದ್ದು ಬಂತು. ಟಕ್. ಟಕ್. ಟಕ್.

ಇಬ್ಬರೂ ತಿರುಗಿದೆವು. ಅಜ್ಜಿಯ ಬಲಗೈ ಮಂಚದ ಮರದ ಮೇಲಿತ್ತು, ಗೆಣ್ಣು ಮಡಿಸಿಕೊಂಡು. ಕಣ್ಣು ಸೊಸೆಯ ಮೇಲೆ. ತುಟಿ ಅಲುಗಿತು, ದೇವರ ಹೆಸರು ಹೊರಗೆ ಬರಲಿಲ್ಲ. ಆಂಟಿಯೇ ಅದನ್ನು ಅಂದು ಮುಗಿಸಿದರು, ಬಹಳ ಸಣ್ಣ ದನಿಯಲ್ಲಿ. "ಶಿವ ಶಿವ."

ಅವತ್ತು ಆ ಮನೆಯಲ್ಲಿ ಹಲ್ಲಿ ನುಡಿದಿರಲಿಲ್ಲ. ಅಜ್ಜಿಯೇ ಒಪ್ಪಿಸಿಕೊಂಡಿದ್ದರು.

ಅಜ್ಜಿ ಮುಂದಿನ ಶಿವರಾತ್ರಿ ಕಾಣಲಿಲ್ಲ. ಆಂಟಿ ಆ ಕಂಪ್ಯೂಟರನ್ನು ಮತ್ತೆ ಮುಟ್ಟಲಿಲ್ಲ. ಮನೆ ಮಾರಿ ಅಂಜನಾಪುರಕ್ಕೆ, ತಂಗಿಯ ಮನೆಗೆ ಹೋದರು. ನಾನೂ ಶೆಡ್ಡು ಖಾಲಿ ಮಾಡಿ ಬನಶಂಕರಿಗೆ ಬಂದೆ. ಹಬ್ಬಕ್ಕೆ ಫೋನ್ ಮಾಡಿದರೆ, "ರಿಮೋಟ್ ಕೆಟ್ಟಿದೆ ಕಣಪ್ಪ, ಅಗ್ರಿಮೆಂಟ್ ಇನ್ನೂ ಮುಗಿದಿಲ್ಲ, ಬಂದು ನೋಡು" ಅಂತ ರೇಗಿಸುತ್ತಿದ್ದರು. ಪದದ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೋದ ವರ್ಷ ಅದೇ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಆಂಟಿಯಲ್ಲ, ಅವರ ತಂಗಿ... ರಿಮೋಟ್ ನೋಡೋಕೆ ನಾನು ಹೋಗಲೇ ಇಲ್ಲ.

ಈಗಿನ ಡಿಸ್ಕುಗಳೊಳಗೆ ತಿರುಗುವುದು ಏನೂ ಇಲ್ಲ. ಸಾಯುವ ಮುಂಚೆ ಸದ್ದೂ ಮಾಡುವುದಿಲ್ಲ. ಬಿಟಿಎಂ ಕಡೆಯ ಪಿಜಿಗಳಲ್ಲಿರುವ ಹುಡುಗಿಯರು ಲ್ಯಾಪ್‌ಟಾಪ್ ಎದೆಗವಚಿಕೊಂಡು ಬರುತ್ತಾರೆ, ನಿನ್ನೆವರೆಗೂ ಚೆನ್ನಾಗಿತ್ತು ಅಂಕಲ್ ಅನ್ನುತ್ತಾರೆ. ಕಾಪಿ ಇದೆಯಾ ಅಂದರೆ, ಇದರಲ್ಲೇ ಇತ್ತಲ್ಲಾ ಅನ್ನುತ್ತಾರೆ. ಆ ದನಿ ನನಗೆ ಪರಿಚಯ. ವಾಪಸ್ ಬರುತ್ತಾ ಅಂತ ಕೇಳಿದರೆ, ಬರುತ್ತೆ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ.

ಜೆ.ಪಿ. ನಗರದವರ ಸಿಪಿಯುಗೆ ಕರೆಂಟ್ ಕೊಟ್ಟೆ. ಗುಜರಿಗೆ ಹಾಕುವ ಮುಂಚೆ ಯಾವ ಡಿಸ್ಕನ್ನಾದರೂ ಒಂದು ಸಲ ಓಡಿಸಿ ಕಿವಿಗೊಡುವುದು ನನ್ನ ಪದ್ಧತಿ. ತಿರುಗಿತು. ಕಿರ್ರ್ ಅಂದಿತು. ಆಮೇಲೆ, ಲೊಚ್. ಲೊಚ್. ಅವರ ತಾಯಿ ಅದರಲ್ಲಿ ಏನಿಟ್ಟಿದ್ದರೋ, ಯಾರೂ ತೆರೆದು ನೋಡಿರಲಿಲ್ಲ. ನಾನು ಮೊದಲು ಗೋಡೆ ನೋಡಿದೆ. ಟ್ಯೂಬ್‌ಲೈಟಿನ ಹಿಂದೆ ನೋಡಿದೆ.

ಆಮೇಲೆ, ಅವತ್ತು ಆಂಟಿಗೆ ಮಾಡಬೇಡಿ ಅಂತ ಹೇಳಿದ ಕೆಲಸವನ್ನೇ ಮಾಡಿದೆ. ಮೆಷಿನ್ ಆಫ್ ಮಾಡಿದೆ. ಫ್ಯಾನ್ ನಿಲ್ಲಿಸಿದೆ. ಏನೋ ಕೇಳೋಕೆ ಬಂದ ಗಿರಾಕಿಗೆ ಬೆರಳೆತ್ತಿ ಸುಮ್ಮನಿರಿ ಅಂದು, ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿದೆ.

ಏನೂ ಇರಲಿಲ್ಲ.