ಅಣ್ಣಯ್ಯನ ಗ್ಯಾಪು

ಜಗಳೂರಿನ ನಮ್ಮ ಆಸ್ಪತ್ರೆಗೆ ಬಿಳಿಚೋಡಿನ ಸಕ್ಕರೆ ಕಾಯಿಲೆಯವರೊಬ್ಬರನ್ನು ಅವರ ತಮ್ಮ ಕರೆತಂದಿದ್ದ. ಏದುಸಿರಿನಲ್ಲೂ ಅವರದು ಒಂದೇ ಹಟ: "ಇನ್ಸುಲಿನ್ ಒಂದಿನಾನೂ ಬಿಟ್ಟಿಲ್ರಿ." ರಕ್ತಪರೀಕ್ಷೆಯ ಮಿಷನ್ ತೋರಿಸಿದ, ರಕ್ತದಲ್ಲಿ ಆಮ್ಲ ಸೇರಿದರೆ ಏರುವ ಆನಯಾನ್ ಗ್ಯಾಪ್ ಎಂಬ ಅಂಕಿ ಮಾತ್ರ ಬೇರೆಯೇ ಹೇಳುತ್ತಿತ್ತು. ಹಿರಿಯ ಡಾಕ್ಟರಿಗೆ ಫೋನ್ ಮಾಡಿ, "ಆನಯಾನ್ ಗ್ಯಾಪ್ ತುಂಬಾ ಜಾಸ್ತಿ ಐತೆ ಸರ್, ಯಾಕಂತ ತಿಳೀತಿಲ್ಲ" ಎಂದೆ.

ಪಕ್ಕದಲ್ಲಿದ್ದ ತಮ್ಮ ಬೆವೆತುಹೋದ. "ಅಣ್ಣಯ್ಯನ ಗ್ಯಾಪು ಮಿಷನ್ನಿಗೂ ಗೊತ್ತಾತೇನ್ರಿ? ಬೀಗರ ಮನ್ಯಾಗೆ ಸೂಜಿ ಚುಚ್ಕೊಳ್ಳಾಕೆ ನಾಚ್ಕೆ ಅಂತ ಗ್ಯಾಪ್ ಕೊಟ್ಟಾನ್ರಿ. ಮ್ಯಾಲೆ ಹೋಳಿಗೆ ಬೇರೆ!"

ಕೂಡಲೇ ಡ್ರಿಪ್ಪು, ಇನ್ಸುಲಿನ್ ಶುರುಮಾಡಿದೆವು. ಮರುದಿನ ಚೇತರಿಸಿಕೊಂಡ ಅಣ್ಣಯ್ಯ ತಮ್ಮನತ್ತ ಕಣ್ಣು ಕೆಕ್ಕರಿಸಿದರು.

"ನೀನೇ ಹೇಳಿದ್ಯೇನಲೇ?"

"ಇಲ್ಲಣ್ಣಯ್ಯ, ಮಿಷನ್ ಹೇಳ್ತು."

ಅವರು ನನ್ನ ಮುಖ ನೋಡಿದರು. ವೈದ್ಯಶಾಸ್ತ್ರದ ಮರ್ಯಾದೆ ಉಳಿಯಲಿ ಎಂದು ನಾನೂ ಗಂಭೀರವಾಗಿ ತಲೆಯಾಡಿಸಿದೆ.