ಕೈ ಹಿಡಿದು ಬರೆಸಿದವರು

ನನ್ನ ಗಂಡನ ಹೆಸರು ಪ್ರಹ್ಲಾದರಾವ್. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಅಂತ ನಮ್ಮತ್ತೆ ಯಮುನಾಬಾಯಿ ಕಲಿಸಿದ್ದರು. ನಾನು ಹೇಳುತ್ತೇನೆ, ಏನು ಮಾಡುತ್ತಾರೋ ಮಾಡಲಿ.

ಊರು ಕಲಬುರ್ಗಿ, ನೌಕರಿ ಹೈದರಾಬಾದಿನ ಬೇಗಂಪೇಟೆಯಲ್ಲಿ ಒಂದು ಸರಕಾರಿ ಕಚೇರಿ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಓದಿದ ಮನುಷ್ಯ. ಮನೆಯಲ್ಲಿ ಆಡುವ ಕನ್ನಡವನ್ನೂ ಬರೆಯಲು ಬಾರದು. ಆಂಧ್ರಪ್ರದೇಶವಾಗಿ ಹತ್ತು ವರ್ಷದ ಮೇಲೆ ಕಚೇರಿಯಲ್ಲಿ ಕಡ್ಡಾಯ ಮಾಡಿದರು: ತೆಲುಗು ಪರೀಕ್ಷೆ ಪಾಸಾಗದವರಿಗೆ ಬಡ್ತಿ ಇಲ್ಲ. ಇವರು ಎರಡು ಸಲ ಕೂತರು, ಎರಡು ಸಲವೂ ಡುಮ್ಕಿ ಹೊಡೆದರು.

ನನ್ನ ತವರು ಆಂಧ್ರದ ಗಡಿಯ ಆದವಾನಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. "ನಾ ಕಲಿಸ್ತೀನಿ, ಕೂಡ್ರಿ" ಎಂದೆ. ಎಂಟು ತಿಂಗಳು ದಿನಾ ಬೆಳಿಗ್ಗೆ ಒಲೆಯ ಪಕ್ಕ ಮಣೆ ಹಾಕಿ ಕೂರಿಸಿದೆ. ಪೆನ್ನು ಕೊಟ್ಟರೆ ಕೈ ಹಾಳೆಯ ಬಲಗಡೆ ಓಡುತ್ತಿತ್ತು, ಬಲದಿಂದ ಬರೆಯುವ ಉರ್ದುವಿನ ಚಾಳಿ. ಹಿಟ್ಟಿನ ಕೈ ತೊಳೆದು, ಅವರ ಮುಂಗೈ ಹಿಡಿದು, ಎಡಗಡೆಗೆ ಎಳೆದು ಒಂದೊಂದೇ ಅಕ್ಷರ ಬರೆಸಿದೆ. ರೊಟ್ಟಿ ಎಷ್ಟು ಸೀದುಹೋದವೋ, ಅತ್ತೆಯ ಬಾಯಿಂದ ಎಷ್ಟು ಅನ್ನಿಸಿಕೊಂಡೆನೋ.

ಮೂರನೆಯ ಸಲ ಬರವಣಿಗೆಯಲ್ಲಿ ಪಾಸಾದರು. ಮಾತಿನ ಪರೀಕ್ಷೆ ಇನ್ನೂ ಬಾಕಿ. ಅಷ್ಟಕ್ಕೇ ಸತ್ಯನಾರಾಯಣ ಪೂಜೆ ಇಟ್ಟರು, ಕಚೇರಿಯವರನ್ನೆಲ್ಲ ಕರೆದರು. ಮಂಗಳಾರತಿ ಆದಮೇಲೆ ಕಣ್ಣಲ್ಲಿ ನೀರು ತುಂಬಿ, ಕೈ ಮುಗಿದು, ಎಲ್ಲರಿಗೂ ಕೇಳುವಂತೆ ಹೇಳಿದರು: "ಸ್ವಾಮಿ, ಎಲ್ಲಾ ನಿನ್ನ ಕೃಪಾ. ನೀನ ನನ್ನ ಕೈ ಹಿಡಿದು ಬರಿಸಿದಿ."

ಕೈ ಹಿಡಿದು ಬರೆಸಿದವಳು ಪಕ್ಕದ ಮಣೆಯ ಮೇಲೇ ಕೂತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಮಂದಿ ಹೋದಮೇಲೆ ಕೇಳಿದೆ. "ದೇವರಿಗೆ ಹೇಳಿದ್ರಿ, ಭಾಳ ಛಲೋ ಆತು. ಅದರಾಗ ನನ್ನ ಹೆಸರು ಒಂದ ಸಲ ಬಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

"ದೇವರ ಮುಂದ ಹೆಂಡ್ತಿ ಹೆಸರು ಹೇಳೂದು ಎಲ್ಲೆರೆ ಉಂಟೇನು? ಮಾಡ್ಸಿದಾಂವ ಅವನು. ನೀ ಬರೇ ನಿಮಿತ್ತ."

"ನಿಮಿತ್ತ ಅಂತ! ಹಂಗಾರ ಇನ್ನ ಅವನ್ನ ಕೇಳ್ರಿ" ಎಂದು ಎದ್ದುಬಂದೆ. ಅವತ್ತಿನಿಂದ ಒಲೆಯ ಪಕ್ಕ ಮಣೆ ಹಾಕಲಿಲ್ಲ. ಅವರೂ ಕೇಳಲಿಲ್ಲ. ದಿನಾ ಅರ್ಧ ಗಂಟೆ ಹೆಚ್ಚು ಜಪ ಮಾಡಿದರು.

ಮಾತಿನ ಪರೀಕ್ಷೆಯ ದಿನ ಅವರನ್ನು ಮನೆಗೆ ಕರೆತಂದವರು ಅದೇ ಕಚೇರಿಯ ಹಣಮಂತರಾಯರು. ನಮ್ಮವರ ಮುಖ ಕಪ್ಪಿಟ್ಟಿತ್ತು. ಅತ್ತೆ ಓಡಿಬಂದರು. "ಏನಾತೋ ಪ್ರಹ್ಲಾದ?"

"ಏನಾಗೂದದ? ನಾ ಬಾಯಿ ತಗದ ಕೂಡ್ಲೆ ಸಾಹೇಬ ನಕ್ಕ. ಇದ್ಯಾವ ಹಳ್ಳಿ ತೆಲುಗು ಅಂದ. ಫೇಲ್ ಮಾಡಿದ. ಎಲ್ಲಾ ಶಾಮಲಾ ಕಲಿಸಿದ್ದು! ಶಾಮಲಾನ ಮಾತು ಕೇಳಿ ನಾ ಕೆಟ್ಟೆ. ಈ ಶಾಮಲಾ ಇಲ್ಲದಿದ್ರ ಪಾಸಾಗ್ತಿದ್ದೆ!"

ಮೂರು ಸಲ. ಹೊರಗಿನವರ ಎದುರಿಗೆ, ಗಟ್ಟಿಯಾಗಿ, ನನ್ನ ಹೆಸರು ಮೂರು ಸಲ.

ನಾನು ಅಳಲಿಲ್ಲ. ಸೀದಾ ದೇವರ ಕೋಣೆಗೆ ಹೋಗಿ ತುಪ್ಪದ ದೀಪ ಹಚ್ಚಿದೆ. ಬಾಗಿಲು ತೆರೆದಿಟ್ಟು, ಅವರಂತೆಯೇ ಎಲ್ಲರಿಗೂ ಕೇಳುವಂತೆ ಕೈ ಮುಗಿದೆ.

"ಸ್ವಾಮಿ, ನಿನಗ ಕೋಟಿ ನಮಸ್ಕಾರ. ಮದುವ್ಯಾಗಿ ಹದಿನೇಳು ವರ್ಷಕ್ಕ ಇವರ ಬಾಯಾಗ ನನ್ನ ಹೆಸರು ಬಂತು. ಪಾಸಾದ ದಿನ ನೀ ಇದ್ದಿ, ಫೇಲಾದ ದಿನ ನಾ ಇದ್ದೀನಿ. ಇಷ್ಟರೆ ನನಗ ಉಳಿಸಿದ್ಯಲ್ಲಾ, ನಿನ್ನ ಉಪಕಾರ ಮರಿಯೂದಿಲ್ಲ."

ಸಕ್ಕರೆ ನೈವೇದ್ಯ ಮಾಡಿ ಹೊರಗೆ ತಂದೆ. ಹಣಮಂತರಾಯರು ತಲೆ ತಗ್ಗಿಸಿ ಕೈಯೊಡ್ಡಿದರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಪ್ರಹ್ಲಾದರಾಯರ ಅಂಗೈ ನಾನೇ ಹಿಡಿದೆತ್ತಿ ಒಂದು ಚಿಟಿಕೆ ಇಟ್ಟೆ. ಪ್ರಸಾದವಲ್ಲವೇ, ಚೆಲ್ಲುವ ಹಾಗಿಲ್ಲ. ತಿಂದರು.

ಆರು ತಿಂಗಳಿಗೆ ಮತ್ತೆ ಪರೀಕ್ಷೆ ಹತ್ತಿರ ಬಂತು. ಒಂದು ಬೆಳಿಗ್ಗೆ ಅವರೇ ಮಣೆ ತಂದು ಒಲೆಯ ಪಕ್ಕ ಹಾಕಿ, ನೋಟುಬುಕ್ಕು ಹಿಡಿದು ನಿಂತರು. ನಾನು ರೊಟ್ಟಿ ಬಡಿಯುತ್ತಲೇ ಹಿಟ್ಟಿನ ಕೈಯಿಂದ ದೇವರ ಕೋಣೆಯ ಕಡೆ ತೋರಿಸಿದೆ.